ಇಂಜಿನ್ ನುಂಗಿದ ಊ

ದೋಣಿಕಟ್ಟೆಯ ಮೇಲಿನ ಕೋಣೆ,
ಮಾರ್ಚ್ ೯, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಡುಮ್ಮ,

ಹೇಗಿದ್ದೀಯ? ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಗೋದಾಮಿನ ಕ್ಯಾಂಟೀನಿನ ಚಹಾ ಬ್ರೆಡ್ಡಿನಲ್ಲೇ ದಿನ ದೂಡುತ್ತಿದ್ದೀಯಾ? ಸರಕು ಎತ್ತುವ ಗಾಡಿಯ ಸೀಟು ಗಟ್ಟಿ, ಬೆನ್ನು ಹಿಡಿದುಕೊಳ್ಳುತ್ತದೆ ಅಂತ ನಿನ್ನ ಭಾವನ ಹತ್ತಿರ ಹೇಳಿದ್ದೆಯಂತೆ. ಅವರು ದರ್ಜಿ ಅಂಗಡಿಯ ಚೂರುಬಟ್ಟೆಯೆಲ್ಲ ತುಂಬಿಸಿ ನಿನಗೊಂದು ದಿಂಬು ಹೊಲಿಯುತ್ತಿದ್ದಾರೆ. ಅಳತೆ ಕೇಳಿದರೆ ನಾಚಿಕೊಳ್ಳುತ್ತೀಯ ಅಂತ ತಮ್ಮದೇ ಕುರ್ಚಿಯ ಅಳತೆ ತೆಗೆದುಕೊಂಡಿದ್ದಾರೆ, ಆದ್ದರಿಂದ ದಿಂಬು ನಿನಗೆ ಎರಡರಷ್ಟು ಆಗುವುದು ಗ್ಯಾರಂಟಿ. ದೊಡ್ಡವನಾದ ಮೇಲೂ ಡುಮ್ಮ ಅನ್ನಬೇಡ ಅಂತ ಎಷ್ಟು ಸಲ ಜಗಳ ಕಾದಿದ್ದೀಯ, ನೆನಪಿದೆ. ಕಡ್ಡಿಯ ಹಾಗೆ ಹುಟ್ಟಿದ ಮಗು ಹೆಸರು ಕೇಳಿಯಾದರೂ ಮೈ ಹಿಡಿಯಲಿ ಅಂತ ಅಮ್ಮ ಇಟ್ಟದ್ದು. ಮೈಯಂತೂ ಹಿಡಿಯಲಿಲ್ಲ. ಹೆಸರು ಬಿಟ್ಟುಹೋಗಲಿಲ್ಲ, ಏನು ಮಾಡುವುದು?

ಫೋನ್ ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಅಂದುಕೊಳ್ಳುತ್ತೀಯ. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀನು "ಭಾವಂಗೆ ಕೊಡಕ್ಕ" ಅನ್ನುತ್ತೀಯ. ನನ್ನ ಭುಜದ ಆಪರೇಷನ್ ಆದಂದಿನಿಂದ ಇದೇ ಆಗಿದೆ. ಆಸ್ಪತ್ರೆಗೂ ಬಂದಿದ್ದೆಯಂತೆ, ಬಾಗಿಲಲ್ಲಿ ನರ್ಸಿನ ಕೈಗೆ ಕಿತ್ತಳೆ ಹಣ್ಣಿನ ಚೀಲ ಕೊಟ್ಟು ಹಾಗೇ ಹೊರಟೆಯಂತೆ. ಒಂದು ಕೈ ಕಟ್ಟಿಹಾಕಿಕೊಂಡು ಮಲಗಿದವಳಿಗೆ ಕಿತ್ತಳೆ ಹಣ್ಣು ತಂದ ಪುಣ್ಯಾತ್ಮ ನೀನೊಬ್ಬನೇ, ಅದರ ಸಿಪ್ಪೆ ಸುಲಿಯುವವರು ಯಾರು ಅಂತ ಯೋಚಿಸಿದೆಯಾ? ಸರಿ, ಕಾಗದವನ್ನಂತೂ ಭಾವನ ಕೈಗೆ ದಾಟಿಸಲು ಆಗುವುದಿಲ್ಲ. ಕೂತು ಪೂರ್ತಿ ಓದು.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಸಾಲುಗಳನ್ನು ಹಾರಿಸಿ ಕೊನೆಗೆ ಓಡುತ್ತೀಯ. ಇವತ್ತು ಬೆಳಿಗ್ಗೆ ನಾನು ನೀರಿಗಿಳಿದೆ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು, ಹಗ್ಗ ಹಿಡಿದುಕೊಂಡು, ನಮ್ಮದೇ ದೋಣಿಯ ಹಿಂದೆ. ಜೀವಂತ ಇದ್ದೇನೆ, ಬಲಗೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಈಗ ನಿಧಾನವಾಗಿ ಓದು.

ಈ ಭುಜ ಇಲ್ಲಿಯವರೆಗೆ ಬಂದ ದಾರಿ ನಿನಗೆ ಗೊತ್ತಿಲ್ಲ. ಮೊದಮೊದಲು ಬಾಚಣಿಗೆಯನ್ನು ಕಿವಿಯ ತನಕ ತರಲೂ ಆಗುತ್ತಿರಲಿಲ್ಲ. ನಿನ್ನ ಭಾವ ಅಂಗಡಿ ಮುಚ್ಚಿ ಬಂದು ನನ್ನ ತಲೆ ಬಾಚುತ್ತಿದ್ದರು, ಬೈತಲೆಯನ್ನು ಅಳತೆಪಟ್ಟಿ ಇಟ್ಟ ಹಾಗೆ ನೇರವಾಗಿ ತೆಗೆಯುತ್ತಿದ್ದರು. ಫಿಸಿಯೋ ಅಮ್ಮ ಹೇಳಿಕೊಟ್ಟ ವ್ಯಾಯಾಮಗಳಲ್ಲಿ ಒಂದು, ಗೋಡೆಯ ಮೇಲೆ ಬೆರಳು ಹತ್ತಿಸುವುದು. ಗೋಡೆಗೆ ಮುಖ ಮಾಡಿ ನಿಂತು ಎರಡು ಬೆರಳಿನಲ್ಲಿ ಇರುವೆಯ ಹಾಗೆ ಮೇಲೆ ಹೋಗಬೇಕು. ಎಲ್ಲಿಯವರೆಗೆ ಹೋಯಿತೋ ಅಲ್ಲಿ ಭಾವ ದರ್ಜಿಯ ಸೀಮೆಸುಣ್ಣದಿಂದ ಗೀಟು ಎಳೆಯುತ್ತಿದ್ದರು. ಅಡುಗೆಮನೆಯ ಗೋಡೆ ತುಂಬ ಗೀಟುಗಳು. ಕೆಲವು ವಾರ ಗೀಟು ಒಂದರ ಮೇಲೊಂದು ಬಿದ್ದು ದಪ್ಪಗಾಗುತ್ತಿತ್ತೇ ಹೊರತು ಮೇಲೆ ಹೋಗುತ್ತಿರಲಿಲ್ಲ. ಆಗ ನಾನು ಅತ್ತಿದ್ದೇನೆ, ಪಾತ್ರೆ ಎಸೆದಿದ್ದೇನೆ. ಎಡಗೈಯಲ್ಲಿ ಎಸೆದದ್ದು, ಗುರಿ ತಪ್ಪಿತು. ನೀರಿಗಿಳಿಯಬಹುದಾ ಅಂತ ಸರ್ಜನ್ ಅವರನ್ನು ಕೇಳಿದಾಗ ಅವರು ಕನ್ನಡಕ ತೆಗೆದು, "ಹೊಲಿದಿರೋದು ನಾನು, ಹರ್ಕೊಳ್ಳೋದು ನೀವು, ಯೋಚನೆ ಮಾಡಿ" ಅಂದರು. ಹೊಲಿಗೆಯ ಮಾತು ಬಂದದ್ದರಿಂದ ಭಾವನಿಗೆ ಆ ಡಾಕ್ಟರ ಮೇಲೆ ಅಪಾರ ಗೌರವ ಬಂದುಬಿಟ್ಟಿತು. ಹೊಲಿದ ಜಾಗ ಬಟ್ಟೆಗಿಂತ ಗಟ್ಟಿ ಇರುತ್ತದೆ, ಪಕ್ಕದ ಬಟ್ಟೆಯದ್ದೇ ಭಯ ಅಂತ ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಪಾಠ ಹೇಳಿದರು.

ಯಾಕಕ್ಕ ಬೇಕಿತ್ತು ಅನ್ನುತ್ತೀಯ. ನೀರಿನ ಮೇಲೆ ಎದ್ದು ನಿಂತಾಗ ಮಾತ್ರ ನನ್ನ ತಲೆಯೊಳಗಿನ ಗಲಾಟೆ ನಿಲ್ಲುತ್ತದೆ, ಅದು ನಿನಗೂ ಗೊತ್ತು. ಆದರೆ ಅಷ್ಟಕ್ಕೇ ಆಗಿದ್ದರೆ ಸುಮ್ಮನಾಗುತ್ತಿದ್ದೆನೋ ಏನೋ. ನಾನು ದಡದಲ್ಲೇ ಕೂತರೆ ನೀನೂ ಆ ಗೋದಾಮಿನಲ್ಲೇ ಕೂರುತ್ತೀಯ. ಅಕ್ಕನ ಕೈ ಮುರಿದವನು ಅನ್ನುವ ಹಣೆಪಟ್ಟಿ ಕಟ್ಟಿಕೊಂಡು, ನೀರೇ ಕಾಣದ ಊರು ಹುಡುಕಿಕೊಂಡು ಹೋದವನು ನೀನು. ನಾನು ಒಂದು ಸಲ ಎದ್ದು ನಿಂತರೆ ನಿನ್ನನ್ನು ವಾಪಸ್ಸು ಕರೆಯಲು ನನಗೆ ಬಾಯಿ ಬರುತ್ತದೆ ಅಂತ ಹಟ ಹಿಡಿದೆ. ಇದಿಷ್ಟೇ ನನ್ನ ಲೆಕ್ಕಾಚಾರ.

ಆ ದಿನದ ಮಾತನ್ನು ನಾವಿಬ್ಬರೂ ಇವತ್ತಿನವರೆಗೆ ಎತ್ತಿಲ್ಲ, ನಾನೇ ಎತ್ತುತ್ತೇನೆ. ಎಲ್ಲ ಶುರುವಾದದ್ದು ಅಪ್ಪನಿಂದ. ಊಟ ಬೇಕಾ ಅಂದರೆ ಹೂಂ, ಜ್ವರ ಇದೆಯಾ ಅಂದರೆ ಹೂಂ, ಅಮ್ಮ ಹೋದಾಗ ಬಂದವರೆಲ್ಲ ಸಮಾಧಾನ ಹೇಳಿದರೆ ಅದಕ್ಕೂ ಹೂಂ. ಅಂಥ ಮನುಷ್ಯ ನಮಗೆ ಸ್ಕೀ ಕಲಿಸಿದರೆ ಬೇರೆ ಯಾವ ಪದ ಕಲಿಸುತ್ತಾನೆ? ಥ್ರಾಟಲ್ ಮೇಲೆ ಕೈಯಿಟ್ಟು ಹಿಂದೆ ತಿರುಗಿ "ಹೂಂ?" ಅನ್ನುತ್ತಿದ್ದ. ನಾವು ನೀರಿನಿಂದ "ಹೂಂ" ಅಂದರೆ ದೋಣಿ ಹೊರಟಿತು. ಇನ್ನೂ ಆಗಿಲ್ಲ, ತಡಿ ಅನ್ನಬೇಕಾದರೆ "ಊಹೂಂ". ಬೇರೆ ಕಟ್ಟೆಗಳವರು ನಮ್ಮನ್ನು ನೋಡಿ ನಗುತ್ತಿದ್ದರು, ಇವರ ಮನೆಯಲ್ಲಿ ಮಾತಿಗೂ ಬರಗಾಲ ಅಂತ. ದೋಣಿ ನಿನ್ನ ಕೈಗೆ ಬಂದ ಮೇಲೂ ನಾವು ಅದನ್ನೇ ಮುಂದುವರಿಸಿದೆವು. ಆ ದಿನ ಎಡಗಾಲಿನ ಸ್ಕೀ ಸಡಿಲವಾಗಿತ್ತು, ಬಿಗಿ ಮಾಡಲು ಎಡಗೈ ಬಿಟ್ಟಿದ್ದೆ. ನೀನು "ಹೂಂ?" ಅಂದೆ. ನಾನು "ಊಹೂಂ" ಅಂದೆ. ಇಂಜಿನ್ ಮುಂದಿನ ಊ ನುಂಗಿತು, ನಿನ್ನ ಕಿವಿಗೆ ಬಿದ್ದದ್ದು ಹೂಂ. ದೋಣಿ ಹಾರಿತು, ಹಗ್ಗ ಹಿಡಿದಿದ್ದ ಒಂಟಿ ಬಲಗೈಯ ಭುಜ ಹರಿಯಿತು. ನಾನು ಅಂದದ್ದೂ ನಿಜ, ನೀನು ಕೇಳಿಸಿಕೊಂಡದ್ದೂ ನಿಜ. ಇದರಲ್ಲಿ ಅಪರಾಧಿಯನ್ನು ಹುಡುಕುವುದಾದರೆ ಆ ಹಳೇ ಸೈಲೆನ್ಸರನ್ನು ಹಿಡಿದು ಜೈಲಿಗೆ ಹಾಕಬೇಕು.

ಹೋದ ವಾರ ಅಪ್ಪನ ಶೆಡ್ಡಿಗೆ ಹೋಗಿ, ಅಪ್ಪ, ದೋಣಿ ಓಡಿಸ್ತೀಯಾ ಅಂದೆ. ಕಾರ್ಬುರೇಟರ್ ಒರೆಸುತ್ತಿದ್ದವನು ತಲೆ ಎತ್ತದೆ ಹೂಂ ಅಂದ. ಅವನು ಈಚೆಗೆ ಚಹಾವನ್ನು ಲೋಟದ ಪಕ್ಕದಲ್ಲಿ ಬಗ್ಗಿಸುವುದನ್ನು ನೋಡಿದ್ದೆ, ಬೋಲ್ಟುಗಳನ್ನು ಬೆರಳಲ್ಲಿ ಸವರಿ ಹುಡುಕುವುದನ್ನೂ ನೋಡಿದ್ದೆ. ಕಣ್ಣು ಚೆನ್ನಾಗಿದೆ ತಾನೇ ಅಂತ ಕೇಳಿದೆ. ಅದಕ್ಕೂ ಹೂಂ. ದೂರದ್ದು ಕಾಣುತ್ತಂತೆ, ಹತ್ತಿರದ್ದೇ ಮಂಜಂತೆ. ನಾನು ನಂಬಿದೆ. ಹಿಂದೆ ನೋಡುವವರು ಒಬ್ಬರು ಬೇಕಲ್ಲ, ಅದಕ್ಕೆ ನಿನ್ನ ಭಾವ ತಾವೇ ಮುಂದೆ ಬಂದರು. ಬಕೆಟ್ಟಿನ ನೀರಿಗೂ ಹೆದರುವ ಮನುಷ್ಯ, ಈಜು ಗೊತ್ತಿಲ್ಲ, ದೋಣಿ ಕಟ್ಟೆಗೆ ಕಟ್ಟಿದ್ದಾಗಲೂ ಅಂಚು ಹಿಡಿದು ಕೂರುವವರು. ಆದರೂ "ಬೇರೆ ಯಾರೋ ನಿನ್ನ ನೋಡ್ಕೊಂಡು ಕೂತ್ಕೊಳ್ಳೋದು ಬೇಡ, ನಾನೇ ನೋಡ್ತೀನಿ" ಅಂದರು. ಸನ್ನೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡರು. ಹೆಬ್ಬೆರಳು ಮೇಲಾದರೆ ವೇಗ, ಕೆಳಗಾದರೆ ನಿಧಾನ, ಬಿದ್ದ ಮೇಲೆ ಬಲಗೈ ಎತ್ತಿದರೆ ಚೆನ್ನಾಗಿದ್ದೇನೆ ಅಂತ ಅರ್ಥ. ಇನ್ನು ಊಹೂಂ ಅನ್ನುವ ಪದವನ್ನು ನೀರಿನ ಮೇಲೆ ಯಾರೂ ಬಳಸಕೂಡದು ಅಂತ ಭಾವನೇ ಕಾನೂನು ಮಾಡಿದರು. ಬೇಡ ಅಂದರೆ ತಲೆ ಅಲ್ಲಾಡಿಸುವುದು, ಅವರು ಅಪ್ಪನ ಭುಜ ತಟ್ಟಿ ತಿಳಿಸುವುದು.

ಬೆಳಿಗ್ಗೆ ನೀರು ಗಾಜಿನ ಹಾಗೆ ನಿಂತಿತ್ತು, ಗಾಳಿ ಇರಲಿಲ್ಲ. ಕಟ್ಟೆಯ ಹಲಗೆಯ ಮೇಲೆ ಕೂತು ಸ್ಕೀ ಕಟ್ಟುವಾಗ ಎಡಗಾಲಿನ ಪಟ್ಟಿಯನ್ನು ಬಿಚ್ಚಿ ಬಿಚ್ಚಿ ಬಿಗಿದೆ, ಚಳಿಗೆ ಬೆರಳು ಸೆಟೆದಿದೆ ಅಂತ ಭಾವನಿಗೆ ಸುಳ್ಳು ಹೇಳಿದೆ. ನೀರಿಗೆ ಇಳಿದು ಮಂಡಿಯನ್ನು ಎದೆಗೆ ತಂದು ಕೂತೆ, ಸ್ಕೀಯ ತುದಿಗಳು ಮುಂದೆ ಎದ್ದವು, ನಡುವೆ ಹಗ್ಗ. ಹಗ್ಗದ ಸಡಿಲು ಒಂದೊಂದೇ ಮೊಳ ಮುಗಿಯುತ್ತ ಬಂದು ಹಿಡಿ ನನ್ನ ಕೈಯಲ್ಲಿ ಜಗ್ಗಿತು. ಭುಜಕ್ಕೆ ನೋವಿರಲಿಲ್ಲ. ನೋವು ಬರುತ್ತದೆ ಅಂತ ಅದಕ್ಕೇ ಮೊದಲೇ ಗೊತ್ತಿದ್ದ ಹಾಗೆ ಕಿವಿಯವರೆಗೆ ಕುಗ್ಗಿ ಕೂತುಬಿಟ್ಟಿತು. ಅಪ್ಪ ತಿರುಗಿ "ಹೂಂ?" ಅಂದ. ನಾನು ತಲೆ ಅಲ್ಲಾಡಿಸಿದೆ. ಭಾವ ಅಪ್ಪನ ಭುಜ ತಟ್ಟಿದರು, ದೋಣಿ ನಿಂತಲ್ಲೇ ಗುರುಗುಟ್ಟಿತು. ಮತ್ತೆ "ಹೂಂ?" ಅಂದ, ಮತ್ತೆ ತಲೆ ಅಲ್ಲಾಡಿಸಿದೆ. ಭಾವನ ಮುಖ ಬಿಳಿಚಿಕೊಂಡಿತ್ತು, ಬಾ ಸಾಕು ಅನ್ನುವುದು ಅವರ ತುಟಿಯ ತುದಿಯಲ್ಲೇ ಇತ್ತು. ಆ ಮಾತು ಹೊರಗೆ ಬಂದಿದ್ದರೆ ನಾನು ನೀರಿನಿಂದ ಎದ್ದು ಬಂದುಬಿಡುತ್ತಿದ್ದೆ, ಆಮೇಲೆ ಜನ್ಮದಲ್ಲಿ ಇಳಿಯುತ್ತಿರಲಿಲ್ಲ. ಅವರು ಆಡುವ ಮೊದಲೇ ನಾನು ಹೂಂ ಅಂದೆ.

ತೋಳು ಮಡಚಬೇಡ, ದೋಣಿ ಎಳೆಯಲಿ, ಕುರ್ಚಿಯಿಂದ ಎದ್ದ ಹಾಗೆ ಏಳು. ನೀನು ಪ್ರತಿ ಸಲ ಕೂಗುತ್ತಿದ್ದದ್ದೇ. ಮುಖದ ಮೇಲೆ ನೀರು ಅಪ್ಪಳಿಸಿತು, ಏನೂ ಕಾಣಲಿಲ್ಲ, ಭುಜದೊಳಗೆ ಬಿಸಿ ದಾರ ಎಳೆದಂತಾಯಿತು. ಆಮೇಲೆ ಕಾಲ ಕೆಳಗೆ ನೀರು ಗಟ್ಟಿಯಾಯಿತು. ಎದ್ದಿದ್ದೆ, ಡುಮ್ಮ. ನಿಂತಿದ್ದೆ. ಭಾವ ಎರಡೂ ಕೈಯಿಂದ ದೋಣಿಯ ಅಂಚು ಹಿಡಿದು, ರೆಪ್ಪೆ ಹೊಡೆಯದೆ ನನ್ನನ್ನೇ ನೋಡುತ್ತಿದ್ದರು, ಅವರ ಕನ್ನಡಕದ ತುಂಬ ನೀರಿನ ಹನಿ. ಆಚೆ ದಡದ ಗುರುತಿನ ಕಂಬದವರೆಗೆ ಹೋದೆ, ಅಳುತ್ತ ಹೋದೆ. ಅಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ, ಇದನ್ನು ಭಾವನಿಗೆ ಹೇಳಬೇಡ.

ತಿರುವಿನಲ್ಲಿ ಬಿದ್ದೆ. ದೋಣಿಯದೇ ಅಲೆ ಎದುರು ಬಂತು, ಮಂಡಿ ಬಗ್ಗಿಸುವುದು ತಡವಾಯಿತು, ಅಷ್ಟೇ. ಹಗ್ಗ ಬಿಟ್ಟಿದ್ದೆ, ಭುಜಕ್ಕೆ ಏನೂ ಆಗಿರಲಿಲ್ಲ. ಆದರೆ ಬಲಗಡೆಗೆ ಬಿದ್ದ ಪೆಟ್ಟಿಗೆ ಆ ಕೈ ಜೋಮು ಹಿಡಿದಿತ್ತು, ಎತ್ತಿದರೆ ಕೆನ್ನೆಯವರೆಗೆ ಬಂದು ನಿಂತಿತು. ಅದಕ್ಕೆ ಎಡಗೈ ಎತ್ತಿದೆ. ಯಾವ ಕೈಯಾದರೇನು ಅಂದುಕೊಂಡೆ. ಬಾಯಿಪಾಠ ಮಾಡಿದ ಮನುಷ್ಯನಿಗೆ ಅದು ಹೇಗೆ ಗೊತ್ತಾಗಬೇಕು? ಅವರ ಪಾಠದಲ್ಲಿ ಬಲಗೈ ಅಂತಿತ್ತು. ಎಡಗೈ ಎದ್ದರೆ ಬಲಗೈ ಹೋಯಿತು ಅಂತಲೇ ಅರ್ಥ. ದೋಣಿ ನಿಧಾನವಾಗಿ ಹಿಂದಕ್ಕೆ ತಿರುಗಿ ನನ್ನ ಹತ್ತಿರ ಬರುತ್ತಿತ್ತು, ಅಷ್ಟರೊಳಗೆ ನಿನ್ನ ಭಾವ, ಬಕೆಟ್ಟಿನ ನೀರಿಗೆ ಹೆದರುವ ನಿನ್ನ ಭಾವ, ಲೈಫ್ ಜಾಕೆಟ್ಟಿನ ಸಮೇತ ನೀರಿಗೆ ಹಾರಿಬಿಟ್ಟರು. ಕನ್ನಡಕ ಒಂದು ಕಡೆ, ಮನುಷ್ಯ ಒಂದು ಕಡೆ. ಅಂಗಾತ ತೇಲುತ್ತ, ಕೈಕಾಲು ಬಡಿಯುತ್ತ, "ಕೈ ಅಲ್ಲಾಡಿಸ್ಬೇಡ, ಕೈ ಅಲ್ಲಾಡಿಸ್ಬೇಡ" ಅಂತ ಆಕಾಶಕ್ಕೆ ಹೇಳುತ್ತಿದ್ದರು. ನಗು ಬಂತು. ಕಾಲಿನ ಸ್ಕೀ ಕಳಚಿ ಅವರ ಹತ್ತಿರ ಈಜಿ ಹೋಗಿ ಜಾಕೆಟ್ಟಿನ ಕೊರಳುಪಟ್ಟಿ ಹಿಡಿದುಕೊಂಡೆ. ಬಲಗೈಯಲ್ಲೇ ಹಿಡಿದೆ ಅಂತ ಆಮೇಲೆ ಗೊತ್ತಾಯಿತು.

ತಲೆ ಎತ್ತಿದಾಗ ದೋಣಿಯ ಮೂತಿ ನೇರ ನಮ್ಮ ಕಡೆಗಿತ್ತು. ಅಪ್ಪನ ಮುಖದ ಮೇಲೆ ಬಿಸಿಲು ಹೊಡೆಯುತ್ತಿತ್ತು, ನೀರೆಲ್ಲ ಬೆಳ್ಳಗೆ ಉರಿಯುತ್ತಿತ್ತು. ಹಿಂದೆ ಕೂತವರು ಹಾರಿದ್ದು ಅವನಿಗೆ ಗೊತ್ತೇ ಇಲ್ಲ. ಅವನು ನಮ್ಮ ಕಡೆ ನೋಡುತ್ತಿದ್ದ, ಆದರೆ ಅವನಿಗೆ ನಾವು ಕಾಣುತ್ತಿಲ್ಲ. ದೂರದ್ದೂ ಮಂಜೇ ಅವನಿಗೆ, ಡುಮ್ಮ, ಹೂಂ ಅಂದುಬಿಟ್ಟಿದ್ದ ಅಷ್ಟೇ. ಅಪ್ಪಾ ಅಂತ ಕಿರುಚಿದೆ. ಬೇಗ ಬಾ ಅಂತ ಕರೆಯುತ್ತಿದ್ದೇನೆ ಅಂದುಕೊಂಡು ಅವನು ಸಮಾಧಾನಕ್ಕೆ ಕೈ ಎತ್ತಿ ಇನ್ನಷ್ಟು ಥ್ರಾಟಲ್ ಕೊಟ್ಟ. ನನ್ನ ನಾಲಿಗೆಯ ಮೇಲೆ ಬಂದದ್ದು ಊಹೂಂ. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಊ ಹೋಗುತ್ತದೆ, ಹೂಂ ಉಳಿಯುತ್ತದೆ, ಅವನು ಪೂರ್ತಿ ವೇಗ ಕೊಡುತ್ತಾನೆ. ಭಾವನನ್ನು ಎಳೆದುಕೊಂಡು ಪಕ್ಕಕ್ಕೆ ಹೋಗುವಷ್ಟು ಹೊತ್ತಿರಲಿಲ್ಲ, ಬಿಟ್ಟು ಮುಳುಗುವುದು ಸಾಧ್ಯವಿರಲಿಲ್ಲ. ಇಂಜಿನ್ನಿನ ಶಬ್ದ ನೀರೊಳಗಿನಿಂದ ಎದೆಗೆ ಬಡಿಯುತ್ತಿತ್ತು. ಆಗ ಬಾಯಿಂದ ತಾನಾಗಿ ಬಂದದ್ದು ನಿನ್ನ ಹೆಸರು. ಚಿಕ್ಕಂದಿನಿಂದ ನೀರಿನಲ್ಲಿ ಏನಾದರೂ ದೋಣಿಯ ಕಡೆ ಅದನ್ನೇ ಕೂಗಿದವಳು ನಾನು. ಡುಮ್ಮಾ ಅಂತ ಗಂಟಲು ಹರಿಯುವ ಹಾಗೆ ಕೂಗಿದೆ.

ಇಂಜಿನ್ ನಿಂತಿತು. ದೋಣಿ ಬಂದ ರಭಸಕ್ಕೆ ಜಾರಿ ನಮ್ಮನ್ನು ಒರೆಸಿಕೊಂಡೇ ಹೋಯಿತು, ಅದರ ಬಣ್ಣ ನನ್ನ ಜಾಕೆಟ್ಟಿಗೆ ಹತ್ತಿದೆ. ದೋಣಿಯಡಿಯ ಫ್ಯಾನು ಸುಮ್ಮನೆ ನೀರಿನಲ್ಲಿ ನಿಂತಿತ್ತು, ತಿರುಗುತ್ತಿರಲಿಲ್ಲ. ಅಂಥ ಕೂಗಿಗೆ ಯಾರಾದರೂ ನಿಲ್ಲಿಸುತ್ತಿದ್ದರು ಅಂತ ಭಾವ ಹೇಳುತ್ತಾರೆ. ಇರಬಹುದು. ಒಂದು ಕೈಯಲ್ಲಿ ಗಂಡ, ಇನ್ನೊಂದು ಕೈಯಲ್ಲಿ ದೋಣಿಯ ಅಂಚು ಹಿಡಿದುಕೊಂಡು ಎಷ್ಟು ಹೊತ್ತು ಹಾಗೇ ತೇಲಿದೆನೋ ಗೊತ್ತಿಲ್ಲ. ಮನೆಗೆ ಬಂದು ಬಟ್ಟೆ ಬದಲಾಯಿಸಿದ ಕೂಡಲೇ ಭಾವ ನನ್ನನ್ನು ಅಡುಗೆಮನೆಯ ಗೋಡೆಗೆ ನಿಲ್ಲಿಸಿದರು. ಬೆರಳು ಹತ್ತಿಸಿದೆ. ಮೊನ್ನೆಯ ಗೀಟಿನವರೆಗೆ ಹೋಯಿತು, ನೋಯುತ್ತ ಹೋಯಿತು, ಆದರೆ ಹೋಯಿತು. ಕನ್ನಡಕವಿಲ್ಲದ ಅವರು ಗೀಟನ್ನು ಮೂಗು ತಾಗಿಸಿ ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾಳೆ ಫಿಸಿಯೋ ಅಮ್ಮನ ಹತ್ತಿರ ತೋರಿಸಿ ಬೈಸಿಕೊಂಡು ಬರುತ್ತೇನೆ.

ಇದಿಷ್ಟು ಸುದ್ದಿ. ನೀನು ಹೆದರಬೇಡ, ಎಲ್ಲರೂ ಕ್ಷೇಮ. ಭಾವ ನೆಗಡಿ ತಂದುಕೊಂಡು ಕಂಬಳಿ ಹೊದ್ದು ಕೂತಿದ್ದಾರೆ, ನಿನಗೆ ನೆನಪು ತಿಳಿಸಲು ಹೇಳಿದರು, ದಿಂಬಿನ ಬಣ್ಣ ಕೇಳಿದರು. ಚೆನ್ನಾಗಿ ಉಣ್ಣು, ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ನನ್ನ ಈ ಬಲಗೈಯಿಂದಲೇ ನಿನ್ನ ತಲೆ ಸವರಿದೆ ಅಂದುಕೊ. ಈಗ ಅದು ಅಷ್ಟು ಎತ್ತರಕ್ಕೆ ಬರುತ್ತದೆ.

ಇತಿ ನಿನ್ನ
ಅಕ್ಕ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಅಂತ ಬಿಟ್ಟಿದ್ದೆ, ಕವರು ಅಂಟಿಸುವ ಮೊದಲು ಮನಸ್ಸು ತಡೆಯಲಿಲ್ಲ. ಅಪ್ಪ ಇಂಜಿನ್ ನಿಲ್ಲಿಸಿದ್ದು ನಮ್ಮನ್ನು ನೋಡಿ ಅಲ್ಲ. ನಿನ್ನ ಹೆಸರು ಕೇಳಿ, ನಿಲ್ಲಿಸಿ, ಕಟ್ಟೆಯ ಕಡೆ ತಿರುಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಬಂದ್ನಾ?" ಅಂದ. ನಾವಿಬ್ಬರೂ ದೋಣಿಯ ಪಕ್ಕದಲ್ಲಿ ಜೋತುಬಿದ್ದಿದ್ದೇವೆ ಅನ್ನುವುದು ಅವನಿಗೆ ಆಗಲೂ ಗೊತ್ತಿರಲಿಲ್ಲ. ನಾನು ಊಹೂಂ ಅಂದೆ. ಇಂಜಿನ್ ಸದ್ದಿರಲಿಲ್ಲವಲ್ಲ, ಊ ಪೂರ್ತಿ ಕೇಳಿಸಿತು ಅವನಿಗೆ. ಚಿಂದಿ ತೆಗೆದುಕೊಂಡು ಒಣಗಿಯೇ ಇದ್ದ ಸ್ಟಿಯರಿಂಗನ್ನು ಒರೆಸುತ್ತ ಕೂತ. ಕಣ್ಣಿನ ಪೊರೆ ತೆಗೆಸಲು ಡಾಕ್ಟರು ಹೇಳಿ ಎಷ್ಟೋ ದಿನವಾಯಿತಂತೆ, ಡುಮ್ಮ ಬಂದು ದೋಣಿ ನೋಡಿಕೊಂಡರೆ ಮಾಡಿಸ್ತೀನಿ ಅಂದುಬಿಟ್ಟಿದ್ದನಂತೆ, ನಮಗೆ ಹೇಳದೆ. ಈಗ ಬಾಗಿಲಲ್ಲೇ ನಿಂತಿದ್ದಾನೆ, ಈ ಕಾಗದವನ್ನು ತಾನೇ ಅಂಚೆಗೆ ಹಾಕುತ್ತಾನಂತೆ. ಬರುತ್ತೀಯಾ, ಇಲ್ಲವಾ? ಒಂದೇ ಪದದಲ್ಲಿ ಉತ್ತರ ಬರೆ, ಕಾಗದದ ಮೇಲಿನ ಊ ಯಾರೂ ನುಂಗುವುದಿಲ್ಲ. ದೊಡ್ಡ ಅಕ್ಷರದಲ್ಲಿ ಬರೆ, ಅಪ್ಪ ತಾನೇ ಓದಬೇಕು ಅನ್ನುತ್ತಿದ್ದಾನೆ.